‘ವೇದ’ದ ದಾಯಾದಿ



ಕೇಂದ್ರ ಸರ್ಕಾರದ ಸೇವೆಗೆ ಸೇರಿದ ಹೊಸದರಲ್ಲಿ ನಾನು ಸಂಜೆಯ ತರಗತಿಯಲ್ಲಿ ರಷ್ಯನ್ ಕಲಿತೆ. ‘ವೇದತ್’ ಎಂಬ ಕ್ರಿಯಾಪದ ಎದುರಾದ ದಿನ ಬೆರಗಾದೆ. ಅರ್ಥ: ಅರಿ, ತಿಳಿ. ಸಂಸ್ಕೃತದಿಂದ ಹೋದ ಸಾಲವಲ್ಲ ಅದು. ನಮ್ಮವರು ಹಾಗೆ ಹಿಗ್ಗುವುದುಂಟು. ‘ವಿದ್’ ಧಾತುವಿಗೂ ಅದಕ್ಕೂ ಮೂಲ ಒಂದೇ, ‘ಕಾಣು’ ಎಂಬರ್ಥದ ಇಂಡೋ-ಯುರೋಪಿಯನ್ ಧಾತು. ಕಂಡಿದ್ದೇನೆ, ಆದ್ದರಿಂದ ಬಲ್ಲೆ. ಸಂಸ್ಕೃತದ ‘ವೇದ’ (ನಾನು ಬಲ್ಲೆ) ರೂಪದಲ್ಲಿ ಭೂತ, ಅರ್ಥದಲ್ಲಿ ವರ್ತಮಾನ. 9ನೆಯ ಶತಮಾನದಲ್ಲಿ ಬರಹಕ್ಕಿಳಿದ ಪ್ರಾಚೀನ ಚರ್ಚ್ ಸ್ಲಾವಿಕ್ ಭಾಷೆಯಲ್ಲೂ ‘ವೇದೆ’ ಎಂಬ ಅಂಥದೇ ಪಳೆಯುಳಿಕೆಯಿದೆ. ಅಲ್ಲಿನ ರೂಢಿಯ ರೂಪ ‘ವೇಮಿ’.

ಪೋಲಿಷ್ ಇಂದಿಗೂ ವ್ಯೆಮ್, ವ್ಯೆಶ್, ವ್ಯೆ ಎನ್ನುತ್ತದೆ. ಚೆಕ್, ವೀಮ್, ವೀಶ್, ವೀ. ರಷ್ಯನ್ನರು ಆ ರೂಪಗಳನ್ನು ಕೈಬಿಟ್ಟರು. ‘ವೇದತ್’ ಸಾಮಾನ್ಯ ಕ್ರಿಯಾಪದಗಳ ಸಾಲಿಗೆ ಸೇರಿತು. ದಿನಬಳಕೆಗೆ ‘ಜ್ಞಾ’ ಧಾತುವಿನ ಬಂಧುವಾದ ‘ಝ್ನಾತ್’ ನಿಂತಿತು. ಹಳೆಯ ರೂಪ ಉಳಿದದ್ದು ‘ಬೋಗ್ ವೆಸ್ತ್’, ಎಂದರೆ ‘ದೇವರೇ ಬಲ್ಲ’, ಎಂಬಂಥ ಕೆಲವು ನುಡಿಗಟ್ಟುಗಳಲ್ಲಿ.

ನಮ್ಮ ಮನೆಯಲ್ಲೂ ಇದೇ ಕಥೆ. ಬಲ್ಲೆ, ಬಲ್ಲೆವು, ಬಲ್ಲಿರಿ ಎಲ್ಲ ಹೋಗಿ, ಪುರುಷಭೇದವಿಲ್ಲದ ‘ಗೊತ್ತು’ ಒಂದೇ ಉಳಿದಿದೆ. ಮೊನ್ನೆ ಈ ಊರಲ್ಲೇ ಹುಟ್ಟಿ ಬೆಳೆದ ಮಗಳನ್ನು ‘ನೀನು ಬಲ್ಲೆಯಾ?’ ಎಂದು ಕೇಳಿದೆ. ‘ಹಾಗಂದರೇನಪ್ಪಾ?’ ಎಂದಳು.