ಮೌಸಿನ ದೋಷವೋ, ನಮ್ಮದೋ?

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಯಂತ್ರಶಾಸ್ತ್ರ ಕಲಿತವರಲ್ಲ. ಮ್ಯಾಟ್ರಿಕ್ಕಿಗೇ ನಮ್ಮ ಓದು ಮುಗಿಯಿತು. ಆದರೂ ವಾಚನಾಲಯದ ಗಣಕಯಂತ್ರ ನೋಡಿಕೊಳ್ಳುವ ಸೇವೆ ನಮ್ಮ ಪಾಲಿಗೆ ಬಂದಿರುವುದರಿಂದ, ಕಳೆದ ತಿಂಗಳು ಕಲಿತದ್ದನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಸದಸ್ಯರೊಬ್ಬರು ತಮ್ಮ ಮಗನ ತಂತಿಯಿಲ್ಲದ ಆಟದ ಮೌಸನ್ನು ನಮಗೆ ದಾನ ಕೊಟ್ಟಿದ್ದರು. ಕೆಲದಿನ ಸೊಗಸಾಗಿ ನಡೆಯಿತು. ಆಮೇಲೆ ತೆರೆಯ ಮೇಲಿನ ಬಾಣ ನಿಂತು ನಿಂತು ಜಿಗಿಯತೊಡಗಿತು. ನೌಕರಿಯ ಅರ್ಜಿ ತುಂಬಲು ಬಂದ ಹೆಣ್ಣುಮಗಳೊಬ್ಬಳು ಒಂದು ಊರನ್ನು ಆರಿಸಹೋಗಿ ಇನ್ನೊಂದರ ಮೇಲೆ ಒತ್ತಿ, ಕಣ್ಣಲ್ಲಿ ನೀರು ತಂದಳು. ಸಂಜೆ ಆಟವಾಡುವ ಹುಡುಗನೇ ಕೆಡಿಸಿದನೆಂದು ನಾವು ಅವನನ್ನು ಗದರಿಸಿ, ಒಳಗೆ ಬರಬೇಡವೆಂದೆವು.

ಬಳಿಕ ಒಂದೊಂದಾಗಿ ಪರೀಕ್ಷಿಸಿದೆವು. ಮೌಸಿನ ಹೊಟ್ಟೆಯಲ್ಲಿ ಒಂದು ಪುಟ್ಟ ಕಣ್ಣಿದೆ. ಅದು ಕೆಳಗಿನ ಹಾಸಿನ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಅನೇಕ ಮೌಸುಗಳಿಗೆ ಗುರುತು ಸಿಗುವುದಿಲ್ಲ. ಕಣ್ಣಿಗೆ ಒಂದು ಕೂದಲು ಅಡ್ಡ ಬಂದರೂ ಲೆಕ್ಕ ತಪ್ಪೀತು. ಆದುದರಿಂದ ಒಣ ಹತ್ತಿಯಿಂದ ಕಣ್ಣೊರೆಸಿ, ಮೇಜಿಗೆ ಬಟ್ಟೆಯ ಹಾಸು ಹಾಕಿದೆವು. ಬ್ಯಾಟರಿಯನ್ನು ಪೂರ್ತಿ ತುಂಬಿಸಿದೆವು. ಜಿಗಿತ ನಿಲ್ಲಲಿಲ್ಲ.

ಈ ಮೌಸು ಚಾರ್ಜಿನ ತಂತಿಯ ಮೂಲಕವೂ ನಡೆಯುತ್ತದೆ. ತಂತಿ ಜೋಡಿಸಿ ನೋಡಿದೆವು. ಬಾಣ ನೀರಿನಂತೆ ಹರಿಯಿತು! ಅಂದರೆ ಕಣ್ಣು ಸರಿ, ಹಾಸು ಸರಿ. ಕೆಟ್ಟದ್ದು ಗಾಳಿಯ ದಾರಿ.

ಇಂಥ ಮೌಸು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಮಾತನಾಡುತ್ತದೆ. ಅದೂ ಆಟದ ಮೌಸು ಸೆಕೆಂಡಿಗೆ 1000 ಸಲ ಸುದ್ದಿ ಕಳಿಸಬಲ್ಲದು. ಯುಎಸ್‌ಬಿ 3.0 ಸಾಧನಗಳೂ ಅವುಗಳ ತಂತಿಗಳೂ ಅದೇ ಅಲೆಯ ಸುತ್ತ ಗದ್ದಲ ಚೆಲ್ಲುತ್ತವೆಂದು ಇಂಟೆಲ್ ಕಂಪನಿ 2012ರಲ್ಲೇ ಪ್ರಕಟಿಸಿದೆ. ನಮ್ಮಲ್ಲಿ ಮೌಸಿನ ರಿಸೀವರು ಗಣಕಯಂತ್ರದ ಬೆನ್ನಿಗಿತ್ತು. ಅದಕ್ಕೆ ಅಂಟಿಕೊಂಡೇ ಹೊಸ ಹಾರ್ಡ್‌ಡಿಸ್ಕು. ಅದನ್ನು ಕಿತ್ತೆವು, ಜಿಗಿತ ನಿಂತಿತು. ಮತ್ತೆ ಸಿಕ್ಕಿಸಿದೆವು, ಮರಳಿ ಬಂತು.

ಆ ಹಾರ್ಡ್‌ಡಿಸ್ಕನ್ನು ಹಳೆಯ ಸಂಚಿಕೆಗಳನ್ನು ಕಾದಿಡಲೆಂದು ತಂದು ಜೋಡಿಸಿದವರು ಯಾರು? ನಾವೇ!

ಒಂದು ಉದ್ದನೆಯ ಯುಎಸ್‌ಬಿ ತಂತಿ ತಂದು ರಿಸೀವರನ್ನು ಮೇಜಿನ ಮೇಲೆ, ಮೌಸಿಗೆ ಗೇಣು ದೂರದಲ್ಲಿ ಇಟ್ಟೆವು. ಹಾರ್ಡ್‌ಡಿಸ್ಕೂ ಉಳಿಯಿತು, ಮೌಸೂ ಸರಿಯಾಯಿತು.

ಬಂಧುಗಳೇ, ನೆನಪಿಡಿ: ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ, ದೋಷ ಹುಟ್ಟುವ ಮುನ್ನ ಹೊಸದಾಗಿ ಏನು ಸೇರಿತೆಂದು ಮೊದಲು ಕೇಳಿಕೊಳ್ಳಿರಿ. ನಾವು ಹಾಗೆ ಕೇಳಿಕೊಳ್ಳದೆ ಒಬ್ಬ ಹುಡುಗನ ಮೇಲೆ ತಪ್ಪು ಹೊರಿಸಿದೆವು. ಮನೆಗೆ ಹೋಗಿ, ತಾಯಿಯ ಎದುರಿಗೇ ಅವನ ಕ್ಷಮೆ ಕೇಳಿ ಕರೆತಂದೆವು. ಇಂದು ಅವನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ. ಇನ್ನು ಮುಂದೆ ಗಣಕಯಂತ್ರದ ಬೀಗದ ಕೈ ನಮ್ಮೊಡನೆ ಅವನಲ್ಲಿಯೂ ಇರಲೆಂದು ಸಭೆಯನ್ನು ಬೇಡಿಕೊಂಡು, ನಾಲ್ಕು ಮಾತು ಮುಗಿಸುತ್ತೇವೆ.