ಉಣುಗಿನ ಪಂಚಾಂಗ

ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮಾತು ಜೋರಾಗುವುದು ಸಾಮಾನ್ಯವಾಗಿ ಸಂಕ್ರಾಂತಿಯ ಆಸುಪಾಸಿನಲ್ಲಿ. ಎಲ್ಲಿಯೋ ಕಾಡಂಚಿನಲ್ಲಿ ಮಂಗ ಸತ್ತುಬಿದ್ದಿತೆಂಬ ಸುದ್ದಿ ಬರುತ್ತದೆ. ಹಿಂದೆಯೇ ನೆರೆಯೂರಿನಲ್ಲಿ ಜ್ವರ. ಆಗ ನಮಗೆ ಹಿತ್ತಿಲಿನ ನೆನಪಾಗುತ್ತದೆ, ಕೊಟ್ಟಿಗೆಯ ನೆನಪಾಗುತ್ತದೆ. ಆದರೆ ಉಣುಗು ತನ್ನ ಕೆಲಸವನ್ನು ಆರೇಳು ತಿಂಗಳು ಮೊದಲೇ ಆರಂಭಿಸಿರುತ್ತದೆ.

ಈ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲ್ಪಟ್ಟಿತು. ಹೆಸರು ಮಂಗನದಾದರೂ ಮಂಗ ನಮ್ಮಂತೆಯೇ ರೋಗಿ. ಮುಸುವವೂ ಕೆಂಪು ಮೂತಿಯ ಕೋತಿಯೂ ಇದಕ್ಕೆ ಬಲಿಯಾಗುತ್ತವೆ. ವೈರಸ್ಸನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಕೆಲವೆಡೆ ಉಣ್ಣೆ ಎಂದೂ ಕರೆಯುತ್ತಾರೆ.

ಅದರ ವರ್ಷ ಮಳೆಯೊಂದಿಗೆ ಮೊದಲಾಗುತ್ತದೆ. ಜೂನ್, ಜುಲೈಗಳಲ್ಲಿ ಬೆಳೆದ ಉಣುಗು ಕಾಡಿಗೆ ಮೇಯಲು ಹೋದ ದನಕರುಗಳನ್ನು ಹಿಡಿಯುತ್ತದೆ. ಹೆಣ್ಣು ಹೊಟ್ಟೆತುಂಬ ರಕ್ತ ಹೀರಿ ನೆಲಕ್ಕೆ ಉದುರಿ, ತರಗೆಲೆಯ ತೇವದಲ್ಲಿ ಮೊಟ್ಟೆಯ ರಾಶಿಯನ್ನೇ ಇಟ್ಟು ಸಾಯುತ್ತದೆ. ಮಳೆ ಕಡಮೆಯಾದ ಮೇಲೆ, ನವರಾತ್ರಿ ದೀಪಾವಳಿಗಳ ಕಾಲಕ್ಕೆ, ಆರು ಕಾಲಿನ ಮರಿಗಳು ಕಾಣಿಸಿಕೊಳ್ಳುತ್ತವೆ. ಇವು ಚಿಕ್ಕ ಪ್ರಾಣಿಗಳ, ಹಕ್ಕಿಗಳ, ಮಂಗಗಳ ರಕ್ತ ಕುಡಿದು, ಪೊರೆ ಕಳಚಿ ಎಂಟು ಕಾಲಿನವಾಗುತ್ತವೆ. ರೋಗದ ಪ್ರಾಣಿಯಿಂದ ಪಡೆದ ವೈರಸ್ ಪೊರೆಯೊಡನೆ ಕಳಚಿಹೋಗುವುದಿಲ್ಲ. ಎಳ್ಳಿನಷ್ಟು ಗಾತ್ರದ ಈ ಎರಡನೆಯ ಹಂತದ ಮರಿಯೇ ನಮ್ಮ ಶತ್ರು. ನವೆಂಬರಿನಿಂದ ಮೇವರೆಗೆ ಅದರ ಕಾಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಉಬ್ಬರ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಸಾವುನೋವುಗಳಾದದ್ದೂ ಈ ಋತುವಿನಲ್ಲಿಯೇ.

ಪೇಟೆಯಲ್ಲಿರುವವರಿಗೆ ಇದರ ಗೊಡವೆಯೇನು ಎಂದು ಕೇಳಬಹುದು. ಸಾಗರ, ಶಿರಸಿ, ತೀರ್ಥಹಳ್ಳಿಗಳಲ್ಲಿ ಮನೆ ಮಾಡಿಕೊಂಡು ಹಳ್ಳಿಯಲ್ಲಿ ತೋಟ ಇಟ್ಟುಕೊಂಡವರು ಅನೇಕರಿದ್ದಾರೆ. ಸೊಪ್ಪಿನ ಬೆಟ್ಟದಿಂದ ಯಾವ ವಾರ ತರಗೆಲೆ ತರಬೇಕೆಂದು ಹೇಳುವವರು ಅವರು. ಕುಕ್ಕೆ ಹೊತ್ತು ಹೋಗುವವರು ಬೇರೆ. ಉಣುಗು ಕಚ್ಚುವುದು ಹೋದವರನ್ನು. ಎಲೆ ಉದುರುವ ಕಾಲವೂ ಮರಿಗಳ ಕಾಲವೂ ಒಂದೇ ಆಗಿರುವುದು ದೊಡ್ಡ ತೊಡಕು. ಕೊಟ್ಟಿಗೆಗೆ ಆ ನಾಲ್ಕು ತಿಂಗಳು ಹುಲ್ಲನ್ನೋ ತೋಟದ್ದೇ ಸೋಗೆಯನ್ನೋ ಹಾಸಿದರೆ ಸ್ವಲ್ಪ ಖರ್ಚು ಬಿದ್ದೀತು, ಬೀಳಲಿ. ಮಂಗ ಸತ್ತ ಕಡೆಯ ಎಲೆಯಂತೂ ಬೇಡವೇ ಬೇಡ. ತಣ್ಣಗಾದ ದೇಹವನ್ನು ಬಿಟ್ಟ ಉಣುಗುಗಳು ಅಲ್ಲಿಯೇ ಸುತ್ತ ಹರಡಿರುತ್ತವೆ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಹಾಕುವುದು ಅವರ ಕೆಲಸ. ಆ ಪುಡಿಯನ್ನು ನಾವೇ ತಂದು ಅಂಗಳದಲ್ಲೆಲ್ಲ ಎರಚುವುದು ಜಾಣತನವಲ್ಲ.

ಹಿತ್ತಿಲಿನ ಕೆಲಸಕ್ಕೆ ತಕ್ಕ ಹೊತ್ತು ಆಶ್ವಯುಜ, ಕಾರ್ತಿಕ. ಮಳೆಗಾಲದಲ್ಲಿ ಬೆಳೆದ ಲಂಟಾನದ ಪೊದೆ, ಬೇಲಿಯ ಬುಡದ ಹುಲ್ಲು, ಗೋಡೆಗೆ ಒತ್ತಿದ ಎಲೆಯ ರಾಶಿ, ಇವನ್ನು ಆಗಲೇ ತೆಗೆಸಬೇಕು. ಉಣುಗಿಗೆ ನೆರಳೂ ತಂಪೂ ಬೇಕು. ಬಿಸಿಲು ಬಿದ್ದು ಒಣಗಿದ ಬಯಲು ನೆಲ ಅದಕ್ಕೆ ಒಗ್ಗದು. ಪುಷ್ಯದಲ್ಲಿ ಕತ್ತಿ ಹಿಡಿದು ಪೊದೆಗೆ ನುಗ್ಗಿದರೆ ಕಡಿಯುವವನೇ ಕಚ್ಚಿಸಿಕೊಂಡಾನು.

ದನಗಳ ಆರೈಕೆ ಇನ್ನೂ ಮೊದಲಿನದು. ಜೂನಿನಿಂದಲೇ ಕಿವಿಯ ಒಳಗೆ, ಗಂಗೆದೊಗಲಿನಲ್ಲಿ, ಬಾಲದ ಬುಡದಲ್ಲಿ ಕೈಯಾಡಿಸಿ ನೋಡಬೇಕು. ಔಷಧವನ್ನು ಪಶುವೈದ್ಯರನ್ನು ಕೇಳಿಯೇ ಹಾಕತಕ್ಕದ್ದು. ಹಾಲು ಕರೆಯುವ ಹಸುವಾದರೆ ಅದನ್ನೂ ಅವರಿಗೆ ಹೇಳಿ. ಮಳೆಗಾಲದಲ್ಲಿ ಒಂದು ಹೆಣ್ಣುಣುಗನ್ನು ಕೊಂದರೆ ಚಳಿಗಾಲಕ್ಕೆ ನೂರಾರು ಮರಿಗಳು ತಪ್ಪಿದವು.

ಕಾಡಿಗೆ ಹೋಗಲೇಬೇಕಾದವರು ಕೈಕಾಲು ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಸವರಿಕೊಂಡು ಹೋಗಲಿ. ಬಂದೊಡನೆ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನ, ಬಟ್ಟೆಗೂ ಬಿಸಿನೀರು. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದರಿಂದ ಅದನ್ನು ನಂಬಿ ಕೂರುವಂತಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಕಾಯಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಿ.