ಗಾಲಿಗೆ ದಾರ ಹಿಡಿಯೋಣ



ಬೈಕಿನ ಗಾಲಿ, ಬೆಲ್ಟುಗಳ ಅಲೈನ್‌ಮೆಂಟಿಗೂ ಒಂದು ವಿಚಾರ ಸಂಕಿರಣವೇ ಎಂದು ಹುಬ್ಬೇರಿಸಿದವರಿದ್ದಾರೆ. ಬಂಕಾಪುರದಲ್ಲಿ ಆ ಪ್ರಶ್ನೆ ಏಳಬಾರದು. ಇಲ್ಲಿನ ಕೋಟೆಯೊಳಗಿರುವ ನಗರೇಶ್ವರ ಗುಡಿಯ, ಅಂದರೆ ನಮ್ಮ ಅರವತ್ತು ಕಂಬದ ಗುಡಿಯ, ಕಡೆದ ಕಂಬಗಳನ್ನು ನೋಡಿ. ನಡುವಿನ ಅಕ್ಷ ತಪ್ಪಿದ್ದರೆ ಆ ಕಲ್ಲು ಅಷ್ಟು ದುಂಡಗೆ ಬರುತ್ತಿರಲಿಲ್ಲ.

ನಮ್ಮ ಗ್ಯಾರೇಜಿನ ಕೆಲಸಕ್ಕೆ ಬರೋಣ. ಹಿಂದಿನ ಗಾಲಿ ಪಂಕ್ಚರ್ ಆಗುತ್ತದೆ. ಗಾಲಿ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ, ಮತ್ತೆ ಕೂಡಿಸುತ್ತೇವೆ. ಅಡ್ಜಸ್ಟರನ್ನು ಸ್ವಿಂಗ್ ಆರ್ಮಿನ ಗೀಟಿಗೆ ಎರಡೂ ಕಡೆ ಸಮ ಮಾಡಿದರೆ ಮುಗಿಯಿತು. ಆ ಗೀಟುಗಳೇ ಸರಿಯಿವೆ ಎಂದು ಯಾರು ಹೇಳಿದರು? ಗಾಡಿ ಒಮ್ಮೆ ಬಿದ್ದೆದ್ದಿದ್ದರಂತೂ ಅವುಗಳ ಸಾಕ್ಷಿ ನಡೆಯದು. ಸ್ವಿಂಗ್ ಆರ್ಮಿನ ಪಿವಟ್ ನಡುವಿನಿಂದ ಆಕ್ಸಲ್ ನಡುವಿನವರೆಗೆ ಎರಡೂ ಬದಿ ಅಳೆಯುವುದು ಅದಕ್ಕಿಂತ ಮೇಲು. ಅದಕ್ಕೂ ಮೇಲು ದಾರ.

ಹಿಂದಿನ ಟೈರನ್ನು ಬಳಸಿ ದಾರವನ್ನು ಎರಡೂ ಬದಿಯಿಂದ ಮುಂದಕ್ಕೆ ಎಳೆಯಿರಿ. ಆ ಟೈರಿನ ಮುಂಭಾಗದ ಅಂಚಿಗೆ ಅದು ತಾಗಿಯೂ ತಾಗದಂತಿರಬೇಕು. ಹಿಂದಿನ ಟೈರು 100 ಮಿ.ಮೀ., ಮುಂದಿನದು 80 ಮಿ.ಮೀ. ಅಗಲವಿದ್ದರೆ, ಮುಂದಿನ ಟೈರಿನ ಎರಡೂ ಪಕ್ಕ 10 ಮಿ.ಮೀ. ಸಂದು ಕಾಣಬೇಕು. ದಾರದ ಹೆಚ್ಚುಗಾರಿಕೆ ಎಂದರೆ ಅದು ತಪ್ಪನ್ನು ಹಿಗ್ಗಿಸಿ ತೋರಿಸುತ್ತದೆ. ಸ್ವಿಂಗ್ ಆರ್ಮಿನ ಎರಡು ತೋಳುಗಳ ನಡುವೆ 200 ಮಿ.ಮೀ., ಗಾಲಿಯಿಂದ ಗಾಲಿಗೆ 1300 ಮಿ.ಮೀ. ಎಂದಿಟ್ಟುಕೊಳ್ಳಿ. ಆಕ್ಸಲ್ ಒಂದು ಬದಿ 1 ಮಿ.ಮೀ. ಹಿಂದುಳಿದರೆ ಮುಂದಿನ ಗಾಲಿಯ ಹತ್ತಿರ ದಾರ 6.5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಒಂದು ಮಿಲಿಮೀಟರ್ ತಪ್ಪಿಸಿಕೊಳ್ಳಬಹುದು, ಇದು ಯಾರ ಕಣ್ಣಿಗೂ ಬೀಳುತ್ತದೆ.

ಚೈನಿಗೆ ಸಹನೆ ಹೆಚ್ಚು. ಕೊಂಡಿಗಳ ಸಡಿಲಿನಲ್ಲಿ ಅಷ್ಟಿಷ್ಟು ಓರೆಯನ್ನು ನುಂಗಿಕೊಂಡು, ಸ್ಪ್ರಾಕೆಟ್ ಹಲ್ಲಿನ ಒಂದು ಮಗ್ಗುಲು ಸವೆಸುತ್ತ ಓಡುತ್ತದೆ. ಗಿರಾಕಿ ಅವಧಿಗೆ ಮೊದಲೇ ಹೊಸ ಚೈನ್ ಸೆಟ್ ಹಾಕಿಸುತ್ತಾನೆ, ಕಾರಣ ಕೇಳುವುದಿಲ್ಲ. (ಕೇಳದಿದ್ದರೆ ನಮಗೂ ಅನುಕೂಲವೇ, ಬಿಡಿ.) ಬೆಲ್ಟು ಹಾಗಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಏಥರ್ 450ರಂಥ ಸ್ಕೂಟರುಗಳ ಹಿಂದಿನ ಗಾಲಿಯನ್ನು ತಿರುಗಿಸುವುದು ಬೆಲ್ಟು. ಅದಕ್ಕೆ ಎಣ್ಣೆ, ಗ್ರೀಸು ಬೇಡ. ಆದರೆ ಪುಲ್ಲಿಗಳು ಓರೆಯಾದರೆ ಒಂದು ಬದಿಗೆ ಸರಿದು, ಉಜ್ಜಿ, ಅಂಚು ಬಿಚ್ಚಿಕೊಳ್ಳುತ್ತದೆ. ಗಾಲಿ ಎತ್ತಿ ಕೈಯಿಂದ ತಿರುಗಿಸಿ ಬೆಲ್ಟು ಎತ್ತ ಸರಿಯುತ್ತದೆಂದು ನೋಡಬೇಕು. ಆಕ್ಸಲ್ ಬಿಗಿದ ಮೇಲೆ ಮತ್ತೊಮ್ಮೆ ನೋಡಬೇಕು, ಏಕೆಂದರೆ ಬಿಗಿಯುವಾಗಲೇ ಅದು ಕದಲುವುದುಂಟು.

ಈ ಸಂಕಿರಣ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಗಾಲಿಗಳು ದಾರಕ್ಕೆ ನೇರ, ಬೆಲ್ಟು ಮಾತ್ರ ಓರೆ ಎಂದಾದರೆ? ಸ್ಪೇಸರ್ ತಪ್ಪಿ ಕೂತಿರಬಹುದು, ಸ್ವಿಂಗ್ ಆರ್ಮ್ ಬಾಗಿರಬಹುದು. ಅಡ್ಜಸ್ಟರ್ ತಿರುಗಿಸಿ ಒಂದನ್ನು ಸರಿಮಾಡಹೊರಟರೆ ಇನ್ನೊಂದು ಕೆಡುತ್ತದೆ. ಅಂಥ ಗಾಡಿಯನ್ನು ಹೇಗೋ ಸರಿತೂಗಿಸಿ ರಸ್ತೆಗೆ ಬಿಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಗೋಷ್ಠಿಗಳಲ್ಲಿ ಇದನ್ನು ಒಪ್ಪದವರು ಜೋರಾಗಿ ವಾದಿಸಲಿ.

ಗ್ಯಾರೇಜಿನವರಲ್ಲಿ ಒಂದು ಬೇಡಿಕೆ. ಹಿಂದಿನ ಗಾಲಿ ಬಿಚ್ಚಿದಾಗಲೆಲ್ಲ ದಾರ ಹಿಡಿಯಿರಿ, ಬಿಲ್ಲಿನಲ್ಲಿ ಅಲೈನ್‌ಮೆಂಟ್ ಎಂದು ಬೇರೆ ಸಾಲು ಬರೆಯಿರಿ, ಅದಕ್ಕೆ ಕೂಲಿಯನ್ನೂ ಸಂಕೋಚವಿಲ್ಲದೆ ಕೇಳಿರಿ.